ನೀರಡಿಕೆ ತೀರಿಸೋದು ಯಾವುದು?

ಸಂಪಾದಕರಿಗೆ ನಮಸ್ಕಾರ ರೀ,

ಮೊನ್ನೆ ನಿಮ್ಮ ಪೇಪರ್‌ನ್ಯಾಗ ನೆಮ್ಮದಿ ಬಗ್ಗೆ ಬಂದ ಲೇಖನ ಓದಿದೆ, ಯೋಗ, ಟೂರು ಎಲ್ಲಾ ಇತ್ತು, ದೇವರ ಸುದ್ದಿನೇ ಇಲ್ಲ. ದುಡ್ಡಿನ ನೆಮ್ಮದಿ ಎಷ್ಟು ದಿನ ಅಂತ ಬಳ್ಳಾರಿ ಮಂದಿಗೆ ಗೊತ್ತೈತಿ, ಗಣಿ ಜೋರಿದ್ದಾಗ ಲಾರಿ ತಗೊಂಡೋರು 2011ರಾಗ ಸುಪ್ರೀಂ ಕೋರ್ಟ್ ಬಂದ್ ಮಾಡಿಸಿದ ಮ್ಯಾಲೆ ಕಂತು ಕಟ್ಟಾಕ ಒದ್ದಾಡಿದ್ರು, ಗಣಿ ನಡಿಯೋವಾಗ್ಲೂ ಅವರಿಗೇನು ನಿದ್ದಿ ಇತ್ತಾ ಬಿಡ್ರಿ. ಬೈಬಲ್‌ನ ಯೋಹಾನನ ಸುವಾರ್ತೆ 4ನೇ ಅಧ್ಯಾಯದಾಗ ಯೇಸುಸ್ವಾಮಿ ಬಾವಿ ಹತ್ರ ಕುಂತು ಸಮಾರ್ಯ ಅನ್ನೋ ಸೀಮೆಯ ಹೆಣ್ಮಗಳಿಗೆ, ಈ ನೀರು ಕುಡಿದ್ರ ಮತ್ತ ನೀರಡಿಕೆ ಆಗ್ತೈತಿ, ನಾನು ಕೊಡೋದು ಕುಡಿದ್ರ ಆಗಂಗಿಲ್ಲ ಅಂತಾರ. ಆಕಿ ಕೊಡ ಅಲ್ಲೇ ಬಿಟ್ಟು ಊರಾಗ ಹೋದ್ಲು, ನಂಗ ಆ ಬಿಟ್ಟುಹೋದ ಕೊಡಾನೇ ಭಾಳ ಹಿಡಿಸ್ತೈತಿ. ನಂಬಿದ್ರ ಸಾಲ ತೀರ್ತೈತಿ ಅನ್ನೋ ಪ್ರಚಾರ ಮಾತ್ರ ನಾ ಒಪ್ಪಂಗಿಲ್ಲ, ಕಷ್ಟ ಇದ್ದೇ ಇರ್ತಾವ, ಒಬ್ರೇ ಹೊರೋದು ತಪ್ತೈತಿ ಅಷ್ಟ. 1810ರಾಗ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಬೈಬಲ್ ಕನ್ನಡಕ್ಕ ತಂದ ಊರಿದು, ಯಾವ ಧರ್ಮದವರಾದ್ರೂ ಆ ಅಧ್ಯಾಯ ಒಮ್ಮೆ ಓದ್ರಿ, ಹತ್ತು ನಿಮಿಷ ಸಾಕು.

– ಒಬ್ಬ ಓದುಗ, ಕೌಲ್ ಬಜಾರ್, ಬಳ್ಳಾರಿ