ಮಾತ್ರೆ ಬಿಡು ಅಂತ ಮಾತ್ರ ಹೇಳಬೇಡ ಅಮ್ಮ

ಲಿವಿಂಗ್‌ಸ್ಟನ್, ಸ್ಕಾಟ್ಲೆಂಡ್

ಅಮ್ಮನಿಗೆ ನಮಸ್ಕಾರಗಳು,

ನಾವಿಬ್ಬರೂ ಕ್ಷೇಮ. ಹೊಟ್ಟೆಯಲ್ಲಿರೋದೂ ಚೆನ್ನಾಗಿದೆ, ರಾತ್ರಿ ನಾನು ಮಲಗಿದ ಮೇಲೆ ಒದೆಯೋಕೆ ಶುರು ಮಾಡುತ್ತೆ. ಫೋನಿನಲ್ಲಿ ನನ್ನ ಮಾತ್ರೆಯ ಮಾತು ಬಂದರೆ ನೀನು ಅಳ್ತೀಯ, ಆಮೇಲೆ ನನಗೂ ಮಾತು ಹೊರಡಲ್ಲ. ಅದಕ್ಕೇ ಬರೀತಿದ್ದೀನಿ. ಅಪ್ಪನಿಗೂ ಓದಿ ಹೇಳು.

ಬಸುರಿ ಹೆಂಗಸು ತಲೆನೋವಿನ ಮಾತ್ರೆ ನುಂಗೋಕೂ ಯೋಚಿಸಬೇಕು, ನೀನು ಖಿನ್ನತೆಯ ಮಾತ್ರೆ ನುಂಗ್ತಿದ್ದೀಯಲ್ಲ ಅಂದೆ. ನಿನ್ನ ಭಯಕ್ಕೆ ಕಾರಣ ಇದೆ. ಪ್ಯಾರಾಕ್ಸಿಟೀನ್ ಅನ್ನೋ ಮಾತ್ರೆಯನ್ನ ಮೊದಲ ಮೂರು ತಿಂಗಳಲ್ಲಿ ತಗೊಂಡರೆ ಮಗುವಿನ ಹೃದಯಕ್ಕೆ ತೊಂದರೆ ಆಗಬಹುದು ಅಂತ ಅಮೆರಿಕದ ಸರ್ಕಾರ 2005ರಲ್ಲೇ ಎಚ್ಚರಿಸಿತ್ತು. ನಾನು ತಗೊಳ್ಳೋದು ಅದಲ್ಲ, ಸರ್ಟ್ರಲೀನ್. ಬಸುರಿಯರಿಗೆ ಡಾಕ್ಟರು ಹೆಚ್ಚಾಗಿ ಆರಿಸೋದು ಇದನ್ನೇ. ಎದೆಹಾಲಿಗೆ ಸೇರೋದೂ ತೀರಾ ಕಡಿಮೆ.

ಇದರಲ್ಲೂ ಅಪಾಯ ಇಲ್ಲವೇ ಇಲ್ಲ ಅಂತ ನಿನಗೆ ಹೇಳಲ್ಲ. ಹುಟ್ಟಿದ ಮಗುವಿನ ಶ್ವಾಸಕೋಶದ ರಕ್ತನಾಳ ಸಡಿಲವಾಗದೆ ಉಸಿರಾಟಕ್ಕೆ ಕಷ್ಟವಾಗೋ ಕಾಯಿಲೆಯೊಂದಿದೆ. ಸಾವಿರ ಮಕ್ಕಳಲ್ಲಿ ಸುಮಾರು ಇಬ್ಬರಿಗೆ ಹೇಗೂ ಬರುತ್ತೆ. ತಾಯಿ ಕೊನೆಯ ತಿಂಗಳುಗಳಲ್ಲಿ ಸರ್ಟ್ರಲೀನ್ ಗುಂಪಿನ ಮಾತ್ರೆ ತಗೊಂಡಿದ್ದರೆ ಅದು ಮೂರರಿಂದ ಐದಾಗಬಹುದು. ಕೆಲವು ಮಕ್ಕಳು ಹುಟ್ಟಿದ ಮೇಲೆ ನಡುಗುತ್ತವೆ, ರಚ್ಚೆ ಹಿಡಿಯುತ್ತವೆ, ಸರಿಯಾಗಿ ಹಾಲು ಕುಡಿಯಲ್ಲ. ಹೆಚ್ಚಿನವು ಕೆಲವೇ ದಿನಗಳಲ್ಲಿ ಸರಿಹೋಗುತ್ತವೆ. ನೀನು ಬಂದಾಗ ಹಾಗೇನಾದರೂ ಕಂಡರೆ ಹೆದರಬೇಡ. ಆಸ್ಪತ್ರೆಯವರಿಗೆ ಮೊದಲೇ ಗೊತ್ತಿದೆ, ನೋಡಿಕೊಳ್ತಾರೆ.

ಈಗ ಇನ್ನೊಂದು ಕಡೆಯದು ಕೇಳು. ಮದುವೆಯಾದ ವರ್ಷ ನಾನು ಊರಿಗೆ ಬಂದಾಗ ಹೇಗಿದ್ದೆ ಅಂತ ನೀನೇ ನೋಡಿದ್ದೆ. ತಟ್ಟೆ ಮುಂದೆ ಇಟ್ಟರೂ ಕೈ ಹಾಕ್ತಿರಲಿಲ್ಲ, ತಲೆಗೆ ನೀರು ಹಾಕಿಕೊಳ್ಳೋಕೂ ನೀನೇ ಎಬ್ಬಿಸಬೇಕಿತ್ತು. ಬದುಕೋದೇ ಬೇಡ ಅನ್ನಿಸಿದ ದಿನಗಳೂ ಅದರಲ್ಲಿದ್ದವು, ಅಮ್ಮ. ಆ ಸ್ಥಿತಿಯಲ್ಲಿ ಒಂದು ಮಗು ಹೊರೋದು ಹೇಗೆ? ಬಸುರಿಗೆ ಖಿನ್ನತೆ ಗಟ್ಟಿಯಾಗಿ ಹಿಡಿದರೆ ಊಟ, ನಿದ್ದೆ, ತಪಾಸಣೆ ಎಲ್ಲ ತಪ್ಪುತ್ತೆ. ಅಂಥವರಲ್ಲಿ ದಿನ ತುಂಬದ ಹೆರಿಗೆಯೂ ಹೆಚ್ಚು. ಈ ದೇಶದಲ್ಲಿ ಹೆರಿಗೆಯಾಗಿ ಆರು ವಾರ ಕಳೆದ ಮೇಲೆ ಒಂದು ವರ್ಷದೊಳಗೆ ತೀರಿಕೊಳ್ಳೋ ತಾಯಂದಿರ ಸಾವಿನ ಮುಖ್ಯ ಕಾರಣಗಳಲ್ಲಿ ಆತ್ಮಹತ್ಯೆಯೂ ಒಂದು. ಅಮೆರಿಕದಲ್ಲಿ 2006ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಬಸುರಿನಲ್ಲಿ ಮಾತ್ರೆ ನಿಲ್ಲಿಸಿದವರಲ್ಲಿ ನೂರಕ್ಕೆ 68 ಜನರಿಗೆ ಕಾಯಿಲೆ ಮರಳಿತ್ತು, ಮುಂದುವರಿಸಿದವರಲ್ಲಿ 26. ಎಲ್ಲ ಅಧ್ಯಯನಗಳೂ ಇಷ್ಟು ಅಂತರ ತೋರಿಸಿಲ್ಲ. ಆದರೂ ನನ್ನ ಹಿಂದಿನ ಸ್ಥಿತಿ ಗೊತ್ತಿರೋ ಡಾಕ್ಟರೂ ನಾನೂ ಇವರೂ ಕೂತು ಮಾತಾಡಿ ಮುಂದುವರಿಸೋಣ ಅಂತ ತೀರ್ಮಾನಿಸಿದ್ದೀವಿ. ನೀನು ಅಂದಹಾಗೆ ನಾಳೆಯಿಂದಲೇ ಬಿಟ್ಟುಬಿಡೋದು ಎಲ್ಲಕ್ಕಿಂತ ಕೆಟ್ಟದ್ದು. ಬಿಡಬೇಕಾದರೂ ಅವರ ಸಲಹೆಯಂತೆ ನಿಧಾನವಾಗಿ ಕಡಿಮೆ ಮಾಡಬೇಕು.

ಇಲ್ಲಿ ಬಸುರಿ, ಬಾಣಂತಿಯರನ್ನ ನೋಡಿಕೊಳ್ಳೋ ಮಿಡ್‌ವೈಫ್ ಬಿ.ಪಿ. ನೋಡಿದಷ್ಟೇ ಸಹಜವಾಗಿ ಮನಸ್ಸು ಹೇಗಿದೆ ಅಂತಲೂ ಕೇಳ್ತಾರೆ. ಅದಕ್ಕೆ ಕಳೆದ ಏಳು ದಿನ ಹೇಗಿದ್ದೆ ಅನ್ನೋ ಹತ್ತು ಪ್ರಶ್ನೆಗಳ ಹಾಳೆ ಇದೆ, 1987ರಲ್ಲಿ ನಮ್ಮ ಪಕ್ಕದ ಎಡಿನ್‌ಬರೋ ಹೆಸರಿನಲ್ಲೇ ಬಂದದ್ದು. ಅದು ಕನ್ನಡದಲ್ಲೂ ಇದೆ, ನಮ್ಮ ಕಡೆಯ ಹಳ್ಳಿ ಬಸುರಿಯರಲ್ಲಿ ಪರೀಕ್ಷಿಸಿಯೂ ಇದ್ದಾರೆ. ದೊಡ್ಡಮ್ಮನಿಗೆ ಎರಡನೇ ಬಾಣಂತನದಲ್ಲಿ ಸನ್ನಿ ಹಿಡಿದಾಗ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ್ದರು ಅಂತ ನೀನೇ ಹೇಳಿದ್ದೆಯಲ್ಲ, ಅದನ್ನ ನೆನೆದರೆ ಈಗಲೂ ಸಂಕಟವಾಗುತ್ತೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಜೊತೆಯಲ್ಲೇ ಇರೋ ವಾರ್ಡು 2009ರಿಂದ ಇದೆ. ಊರಲ್ಲಿ ಯಾರಿಗಾದರೂ ಬೇಕಾದೀತು, ಹೇಳಿರು. ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಲಹೆ ಕೊಡೋ ಸರ್ಕಾರದ ಟೆಲಿ ಮಾನಸ್ ನಂಬರು 14416, ಕನ್ನಡದಲ್ಲೇ ಮಾತಾಡ್ತಾರೆ.

ನಿನ್ನ ವೀಸಾ ಕಾಗದಗಳನ್ನ ಇವರು ಈ ವಾರ ಕಳಿಸ್ತಾರೆ. ಅಂಟಿನುಂಡೆ ಖಂಡಿತ ತಗೊಂಡು ಬಾ. ಬಾಣಂತಿ ಲೇಹ್ಯ, ಕಷಾಯದ ಪುಡಿ ಕಟ್ಟೋ ಮೊದಲು ಡಬ್ಬಿಯ ಮೇಲಿರೋದರ ಫೋಟೋ ಕಳಿಸು, ಈ ಮಾತ್ರೆ ಜೊತೆ ಆಗುತ್ತೋ ಇಲ್ಲವೋ ಇಲ್ಲಿ ಕೇಳಿ ಹೇಳ್ತೀನಿ. ನಿದ್ದೆಗೆಟ್ಟರೆ ನನಗೆ ಕಾಯಿಲೆ ಬೇಗ ಮರಳುತ್ತೆ, ಹಾಗಾಗಿ ರಾತ್ರಿ ಒಂದು ಸರದಿ ಮಗುವನ್ನ ನೀನು ನೋಡಿಕೊಳ್ಳಬೇಕು. ಅದೊಂದನ್ನ ನಿನ್ನನ್ನಲ್ಲದೆ ಇನ್ಯಾರನ್ನ ಕೇಳಲಿ?

ಇಂತಿ ನಿನ್ನ ಮಗಳು