ಆ ಗಾಜಿನ ತೊಟ್ಟಿಯನ್ನು ಏಕೆ ಕೊಡಲಿಲ್ಲವೆಂದರೆ

ಪ್ರೀತಿಯ ಪುಟ್ಟಿ,

ಹೊಸದಾಗಿ ಲೆಪರ್ಡ್ ಗೆಕ್ಕೊ ಹಲ್ಲಿ ಸಾಕಲು ಅಟ್ಟದ ಮೇಲಿರುವ ಹಳೆಯ ಗಾಜಿನ ತೊಟ್ಟಿಯನ್ನು ನಿನ್ನೆ ನೀನು ಕೇಳಿದೆ. ಕೊಡುವುದಿಲ್ಲ ಎಂದೆ. ಮಾತು ಬೆಳೆಯಿತು. "ಆಗ ನನಗೆ ಹತ್ತು ವರ್ಷ ಅಮ್ಮ, ಚುಕ್ಕಿಯನ್ನು ಕೊಂದದ್ದಕ್ಕೆ ಇನ್ನೂ ಎಷ್ಟು ದಿನ ಶಿಕ್ಷೆ?" ಎಂದು ಹೇಳಿ ಫೋನ್ ಇಟ್ಟೆ. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಚುಕ್ಕಿಯನ್ನು ಕೊಂದದ್ದು ನೀನಲ್ಲ. ಇದನ್ನು ನಿನ್ನ ದನಿ ಕೇಳುತ್ತಾ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಗೆಕ್ಕೊ ಚುಕ್ಕಿ ಮನೆಗೆ ಬಂದ ದಿನವಾಗಲಿ, ಗೋಡೆಯ ಮೇಲಿನ ಹಲ್ಲಿಗಳಿಗಿಲ್ಲದ ರೆಪ್ಪೆಯನ್ನು ಮುಚ್ಚಿ ಅದು ಮಲಗುವುದನ್ನು ನೋಡಿ ನೀನು ಕುಣಿದದ್ದಾಗಲಿ ನಾನು ಹೇಳಬೇಕಾಗಿಲ್ಲ. ನಿನಗೆ ಗೊತ್ತಿಲ್ಲದ್ದು ತೊಟ್ಟಿಯ ತಳದಲ್ಲಿತ್ತು. ಕರೆಂಟಿನಿಂದ ಕಾಯುವ ಹೀಟ್ ಮ್ಯಾಟನ್ನು ಗಾಜಿನ ಕೆಳಗೆ ಅಂಟಿಸಿ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿದವಳು ನಾನು. ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಬಳಸಬಾರದು ಎಂದು ಅದರ ಜೊತೆ ಬಂದ ಕಾಗದದಲ್ಲಿ ಬರೆದಿತ್ತು. ಓದಿದ್ದೆ. ಆದರೂ ಮರಳಿನ ಮೇಲೆ ಅಂಗೈ ಇಟ್ಟು ನೋಡಿದೆ, ಹಿತವಾಗಿ ಬೆಚ್ಚಗಿತ್ತು, ಸಾಕು ಎಂದುಕೊಂಡೆ. ನಿನ್ನ ಹಣೆ ಮುಟ್ಟಿಯೇ ಜ್ವರ ಎಷ್ಟೆಂದು ಹೇಳುತ್ತಿದ್ದ ಕೈ ಅದು. ಅದರ ಮೇಲೆ ನನಗೆ ಅಷ್ಟು ಭರವಸೆ.

ಮೇಲಿನ ಮರಳು ಬೆಚ್ಚಗಿರುವಾಗ ಅಡಿಯ ಗಾಜು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ದಪ್ಪನೆಯ ಮರಳು ಶಾಖವನ್ನು ಕೆಳಗೇ ಹಿಡಿದಿಡುತ್ತದೆ. ಗೆಕ್ಕೊ ಬೆಚ್ಚನೆಯ ಜಾಗ ಹುಡುಕುತ್ತಾ ಮರಳನ್ನು ಕೆದಕುತ್ತದೆ, ಗಾಜಿಗೆ ಹೊಟ್ಟೆ ಒತ್ತಿ ಮಲಗುತ್ತದೆ. ಬಿಸಿ ಹೆಚ್ಚಾದರೆ ತಾನೇ ಎದ್ದು ಹೋದೀತು ಎಂದು ನಾನು ನಂಬಿದ್ದೆ. ಹಾಗೆ ಏಳದೆ ಮಲಗಿದಲ್ಲೇ ಸುಟ್ಟುಕೊಳ್ಳುವುದೂ ಉಂಟು. ವೈದ್ಯರು ಚುಕ್ಕಿಯನ್ನು ಮಗುಚಿ ಹೊಟ್ಟೆ ತೋರಿಸಿದಾಗ ನೀನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ.

ವಾಪಸು ಬರುವಾಗ ಕೇಳಿದೆ: "ನಾನು ತುಂಬಾ ಎತ್ತಿಕೊಂಡದ್ದಕ್ಕೆ ಹೀಗಾಯಿತೇ ಅಮ್ಮ?"

"ಇರಬಹುದು" ಎಂದೆ.

ಅಷ್ಟೇ ಹೇಳಿದ್ದು. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಆಗ ನಾನು ದಣಿದಿದ್ದೆ, ನಾಳೆ ನಿಜ ಹೇಳಿದರಾಯಿತು ಎಂದುಕೊಂಡೆ. ಮರುದಿನ ನೀನು ಆ ಮಾತೆತ್ತಲಿಲ್ಲ, ನನಗೆ ಅದೇ ಅನುಕೂಲವಾಯಿತು. ಅದಾದ ಮೇಲೆ ನೀನು ನಾಯಿಮರಿಯನ್ನೂ ಎತ್ತಿಕೊಳ್ಳಲು ಹಿಂಜರಿಯುತ್ತಿದ್ದೆ. ಚಿಕ್ಕಮ್ಮನ ಮಗುವನ್ನು ಮಡಿಲಲ್ಲಿ ಇಟ್ಟಾಗ ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡೆ. ನಾಚಿಕೆ ಅವಳಿಗೆ ಎಂದು ಎಲ್ಲರೂ ಹೇಳಿದರು. ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷ ಗೊತ್ತಿತ್ತು.

ತೊಟ್ಟಿಯನ್ನು ಕೊಡದಿದ್ದುದಕ್ಕೆ ಇನ್ನೊಂದು ಕಾರಣವೂ ಇದೆ. ಅದರ ಉದ್ದ ಬರೀ 45 ಸೆಂಟಿಮೀಟರ್. ಅಷ್ಟರಲ್ಲಿ ಒಂದು ಬದಿ ಬಿಸಿ, ಒಂದು ಬದಿ ತಂಪು ಮಾಡಲು ಆಗುವುದಿಲ್ಲ. ಬೆಳೆದ ಗೆಕ್ಕೊಗೆ 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ಗೂಡು ಬೇಕು. ಬಿಸಿ ಬದಿಯ ನೆಲ 32ರಿಂದ 34 ಡಿಗ್ರಿ ಇರಲಿ, ತಂಪು ಬದಿ 24ರ ಆಸುಪಾಸಿನಲ್ಲಿರಲಿ. ಅವು ತಮ್ಮ ಮೈಯ ಶಾಖವನ್ನು ತಾವೇ ಹುಟ್ಟಿಸಿಕೊಳ್ಳಲಾರವು. ತಿಂದದ್ದು ಅರಗಬೇಕಾದರೂ ಹೊರಗಿನ ಬಿಸಿಯೇ ಬೇಕು, ಬಿಸಿ ಸಾಕೆನಿಸಿದಾಗ ಸರಿದು ಹೋಗಲು ಜಾಗವೂ ಬೇಕು. ಚುಕ್ಕಿಗೆ ನಾನು ಆ ಜಾಗ ಕೊಡಲಿಲ್ಲ.

ನಿನ್ನೆ ಜಗಳಕ್ಕೆ ಮೊದಲು ನೀನು ಈ ಡಿಗ್ರಿಗಳನ್ನೆಲ್ಲ ಪಟಪಟನೆ ಹೇಳುತ್ತಿದ್ದೆ. ನಾನು ಓದಿಯೂ ಬಿಟ್ಟದ್ದನ್ನು ನೀನು ಓದಿ ಮಾಡುತ್ತಿದ್ದೀಯ. ಬಹಳ ಹೆಮ್ಮೆಯಾಯಿತು. ಅದನ್ನು ಹೇಳುವ ಬದಲು ಕೂಗಾಡಿದೆ.

ಆದರೂ ಕೆಲವನ್ನು ಹೇಳದೆ ಇರಲಾರೆ. ಥರ್ಮೋಸ್ಟಾಟ್ ಇದ್ದರಷ್ಟೇ ಸಾಲದು, ಬಿಸಿ ಅಳೆಯುವ ಅದರ ತಂತಿಯ ತುದಿ, ಅಂದರೆ ಪ್ರೋಬ್, ಸಡಿಲವಾಗಿ ಜಾರಿ ತಂಪು ಕಡೆಗೆ ಬಿದ್ದರೆ, ಇನ್ನೂ ಬಿಸಿ ಬೇಕೆಂದು ಮ್ಯಾಟನ್ನು ಕಾಯಿಸುತ್ತಲೇ ಹೋಗುತ್ತದೆ. ಗಟ್ಟಿಯಾಗಿ ಕಟ್ಟು, ಬೇರೊಂದು ಡಿಜಿಟಲ್ ಥರ್ಮಾಮೀಟರಿನಿಂದ ದಿನವೂ ನೋಡು. ಮರಳು ಹಾಕಬೇಡ. ಮೊದಲ ಕೆಲವು ವಾರ ಪೇಪರ್ ಟವಲ್ ಹಾಸಿದರೆ ಸಾಕು, ಅದರ ಹೇಲು ಹೇಗಿದೆ ಎಂದು ಕಾಣುತ್ತದೆ, ಹೊಟ್ಟೆಗೆ ಮಣ್ಣು ಸೇರುವ ಭಯವೂ ಇಲ್ಲ. ಅಡಗಲು ಮೂರು ಗುಹೆ ಇರಲಿ: ಬಿಸಿ ಕಡೆ ಒಂದು, ತಂಪು ಕಡೆ ಒಂದು, ನಡುವೆ ಒದ್ದೆ ಪಾಚಿ ತುಂಬಿದ್ದು ಇನ್ನೊಂದು. ಆ ಒದ್ದೆ ಗುಹೆಯನ್ನು ಮರೆಯಬೇಡ. ಪೊರೆ ಕಳಚುವಾಗ ತೇವ ಸಾಲದಿದ್ದರೆ ಬೆರಳ ತುದಿಯಲ್ಲಿ ಪೊರೆ ಉಂಗುರದಂತೆ ಬಿಗಿದು ಬೆರಳೇ ಉದುರಿಹೋಗಬಹುದು. ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡು, ಇಲ್ಲವಾದರೆ ಮೂಳೆ ಮೆತ್ತಗಾಗುತ್ತದೆ. ರಾತ್ರಿ ಕೆಂಪು ಬಲ್ಬು ಬೇಡ, ಕತ್ತಲೆ ಕತ್ತಲೆಯಾಗಿಯೇ ಇರಲಿ.

ಜೊತೆಗಿರಲಿ ಎಂದು ಎರಡು ತರುವ ಯೋಚನೆ ಇದೆ ಎಂದೆಯಲ್ಲ, ಅದನ್ನು ಬಿಟ್ಟುಬಿಡು. ಎರಡು ಗಂಡುಗಳು ಕಚ್ಚಾಡುತ್ತವೆ. ಉಳಿದ ಜೋಡಿಗಳಲ್ಲೂ ಒಂದು ಬಿಸಿ ಜಾಗವನ್ನು ಹಿಡಿದು ಕೂರುತ್ತದೆ, ಇನ್ನೊಂದು ಸೊರಗುತ್ತದೆ. ಒಂದರ ಮೇಲೊಂದು ಮಲಗಿರುವುದನ್ನು ಕಂಡು ನಾವು ಸ್ನೇಹವೆನ್ನುತ್ತೇವೆ, ಅವುಗಳಿಗೆ ಅದು ಜಾಗದ ಜಗಳ. ನಿನಗೆ ಒಂಟಿತನ ಅನ್ನಿಸುತ್ತಿದ್ದರೆ ಅದನ್ನು ನನಗೆ ಹೇಳು. ಅದರ ಹೊರೆಯನ್ನು ಗೆಕ್ಕೊ ಮೇಲೆ ಹಾಕಬೇಡ.

ನೋಡು, ಮತ್ತೆ ಪಾಠಕ್ಕೆ ಇಳಿದೆ. ಹೆದರಿದಾಗ ನನಗೆ ಬರುವುದು ಇದೊಂದೇ. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುವ ಜೀವ, ನಮ್ಮಲ್ಲಿ ಎಂಟು ತಿಂಗಳು ಇತ್ತು. ನೀನು ಅದನ್ನು ಎಷ್ಟು ಹಗುರವಾಗಿ, ಎರಡೂ ಅಂಗೈ ಸೇರಿಸಿ ಎತ್ತಿಕೊಳ್ಳುತ್ತಿದ್ದೆ! ತುಂಬಾ ಹೆದರಿದ ಗೆಕ್ಕೊ ಬಾಲ ಕಳಚಿಬಿಡುವುದುಂಟು. ಚುಕ್ಕಿಯ ಬಾಲ ಕೊನೆಯವರೆಗೂ ಇತ್ತು. ಅದು ನಿನ್ನ ಕೈಯಲ್ಲಿ ಎಂದೂ ಹೆದರಲಿಲ್ಲ, ಪುಟ್ಟಿ. "ಇರಬಹುದು" ಎಂದದ್ದು ಸುಳ್ಳು. ನನ್ನನ್ನು ಕ್ಷಮಿಸು.

ಹೊಸದು ಬಂದ ಮೇಲೆ ಮೊದಲ ವಾರ ಎತ್ತಿಕೊಳ್ಳಬೇಡ, ಗೂಡಿಗೆ ಹೊಂದಿಕೊಳ್ಳಲಿ. ಆಮೇಲೆ ಧಾರಾಳವಾಗಿ ಎತ್ತಿಕೋ.

ಅದನ್ನು ಭಾನುವಾರ ತರುತ್ತೇನೆ ಎಂದು ನೀನು ಹೇಳಿದೆ. ಅದಕ್ಕೆ ಮೊದಲು ಮೂರು ದಿನ ಖಾಲಿ ಗೂಡಿನಲ್ಲೇ ಮ್ಯಾಟನ್ನು ಚಾಲೂ ಇಟ್ಟು ಬೆಳಿಗ್ಗೆ, ಸಂಜೆ ಎರಡೂ ಬದಿಯ ಡಿಗ್ರಿ ಬರೆದಿಡು. ಅದನ್ನು ನನಗೂ ಕಳುಹಿಸು. ಸಿಟ್ಟು ಆರದಿದ್ದರೆ ಅಂಕಿಗಳನ್ನಷ್ಟೇ ಕಳುಹಿಸು.

ಅಮ್ಮ