ಅವಳಿಗಳಿಲ್ಲದ ರಾಣಿಯ ಕಥೆ

ಮಾನ್ಯ ಸಂಪಾದಕರೇ,

ಅಮೆರಿಕದ ಲೇಖಕಿ ಆ್ಯನ್ ರೈಸ್ ಅವರ, ವ್ಯಾಂಪೈರ್‌ಗಳ (ರಕ್ತಪಿಶಾಚಿಗಳ) ಕುರಿತ ‘ದಿ ಕ್ವೀನ್ ಆಫ್ ದಿ ಡ್ಯಾಮ್ಡ್’ (1988) ಕಾದಂಬರಿ 2002ರಲ್ಲಿ ಸಿನಿಮಾ ಆದಾಗ ಓದುಗರಿಗೆ ಆದ ನಿರಾಸೆಗೆ ಇಂದಿಗೂ ಒಂದೇ ಕಾರಣ ಹೇಳಲಾಗುತ್ತದೆ: ಎರಡು ದಪ್ಪ ಕಾದಂಬರಿಗಳನ್ನು 101 ನಿಮಿಷಕ್ಕೆ ತುರುಕಿದರು, ಸಮಯ ಸಾಲಲಿಲ್ಲ. ಇದು ಅರ್ಧ ನಿಜ. ಇದಕ್ಕೂ ಹಿಂದಿನ ‘ದಿ ವ್ಯಾಂಪೈರ್ ಲೆಸ್ಟಾಟ್’ (1985) ಕೂಡ ಇದರಲ್ಲಿ ಸೇರಿಕೊಂಡಿದೆ. ವಾರ್ನರ್ ಬ್ರದರ್ಸ್ ಕೈಯಲ್ಲಿದ್ದ ಹಕ್ಕಿನ ಅವಧಿ ಮುಗಿಯುವುದರೊಳಗೆ ಚಿತ್ರೀಕರಣ ಆಗಬೇಕೆಂಬ ಅವಸರವೂ ಇತ್ತು. ಆದರೆ ಕಥೆ ಕುಸಿದದ್ದು ಸಮಯದ ಅಭಾವದಿಂದಲ್ಲ. ಮೆಕಾರೆ ಎಂಬ ಪಾತ್ರವನ್ನು ಕಿತ್ತುಹಾಕಿದ್ದರಿಂದ.

ಕಾದಂಬರಿಯ ಬುಡವನ್ನೇ ನೋಡಿ. ಆರು ಸಾವಿರ ವರ್ಷಗಳ ಹಿಂದೆ ಕೆಂಗೂದಲಿನ ಅವಳಿ ಸೋದರಿಯರಾದ ಮಹಾರೆಟ್ ಮತ್ತು ಮೆಕಾರೆ ಸತ್ತ ತಾಯಿಯ ಅಂತ್ಯವಿಧಿಗೆ ಕೂತಿರುತ್ತಾರೆ. ತಾಯಿಯ ದೇಹವನ್ನು ಮಕ್ಕಳೇ ಉಣ್ಣುವುದು ಅವರ ಕುಲದ ಪದ್ಧತಿ. ಒಬ್ಬಳಿಗೆ ಹೃದಯ, ಇನ್ನೊಬ್ಬಳಿಗೆ ಮೆದುಳು. ಅಷ್ಟರಲ್ಲಿ ಈಜಿಪ್ಟಿನ ರಾಣಿ ಆಕಾಶಾಳ ಸೈನಿಕರು ನುಗ್ಗಿ ವಿಧಿಯನ್ನು ಕೆಡಿಸುತ್ತಾರೆ. ಮುಂದೆ ಅಮೆಲ್ ಎಂಬ ದುಷ್ಟಶಕ್ತಿ ಇರಿತಕ್ಕೊಳಗಾದ ರಾಣಿಯ ಗಾಯದೊಳಗೆ ಹೊಕ್ಕು ಮೊದಲ ರಕ್ತಪಿಶಾಚಿ ಹುಟ್ಟುತ್ತಾಳೆ. ಮಹಾರೆಟ್‌ಳ ಕಣ್ಣು ಕೀಳಿಸಿ, ಮೆಕಾರೆಯ ನಾಲಿಗೆ ಕತ್ತರಿಸಿ, ಮುಂದೆ ತಾವೂ ರಕ್ತಪಿಶಾಚಿಗಳಾದ ಇಬ್ಬರನ್ನೂ ರಾಣಿ ಕಲ್ಲಿನ ಪೆಟ್ಟಿಗೆಗಳಲ್ಲಿ ಮುಚ್ಚಿ ಬೇರೆ ಬೇರೆ ಕಡಲಿಗೆ ಬಿಡಿಸುತ್ತಾಳೆ. ಈ ಅವಳಿಗಳ ಕನಸು ಜಗತ್ತಿನ ಮೂಲೆಮೂಲೆಯ ವ್ಯಾಂಪೈರ್‌ಗಳಿಗೆ ಬೀಳತೊಡಗುತ್ತದೆ. ಹತ್ತಾರು ಪಾತ್ರಗಳಾಗಿ ಚೆದುರಿದ ಕಥೆಯನ್ನು ಪೋಣಿಸುವ ದಾರ ಆ ಕನಸೇ.

ಇನ್ನೊಂದು ನಿಯಮವೂ ಇದೆ. ಎಲ್ಲ ರಕ್ತಪಿಶಾಚಿಗಳ ಪ್ರಾಣದ ಬೇರು ಆಕಾಶಾಳ ದೇಹದಲ್ಲಿದೆ. ಅವಳು ಅಳಿದರೆ ಎಲ್ಲರೂ ಅಳಿಯುತ್ತಾರೆ. ಆ ಕ್ಷಣವೇ ಬೇರೊಬ್ಬರು ಬೇರನ್ನು ತಮ್ಮೊಳಗೆ ತೆಗೆದುಕೊಳ್ಳಬೇಕು. ಕೊನೆಯಲ್ಲಿ ಮೆಕಾರೆ ಬಂದು ರಾಣಿಯನ್ನು ಕೊಂದು, ಹೃದಯ ಮತ್ತು ಮೆದುಳನ್ನು ಉಣ್ಣುತ್ತಾಳೆ. ಅಂದು ಅರ್ಧಕ್ಕೆ ನಿಂತ ತಾಯಿಯ ತಿಥಿ ಆರು ಸಾವಿರ ವರ್ಷಗಳ ನಂತರ ಮುಗಿಯುತ್ತದೆ. ಒಂದೇ ಕ್ರಿಯೆಯಲ್ಲಿ ಸೇಡು, ಸಂಸ್ಕಾರ, ಕುಲದ ಉಳಿವು ಮೂರೂ ಆಗುತ್ತವೆ. ಇಷ್ಟು ಬಿಗಿಯಾಗಿ ಹೆಣೆದ ಕೊನೆ ಈ ಬಗೆಯ ಜನಪ್ರಿಯ ಕಾದಂಬರಿಗಳಲ್ಲಿ ಅಪರೂಪ.

ಸಿನಿಮಾದಲ್ಲಿ ಮೆಕಾರೆ ಇಲ್ಲ, ಕನಸಿಲ್ಲ, ತಾಯಿಯ ಸಾವೂ ಇಲ್ಲ. ಹಿರಿಯ ವ್ಯಾಂಪೈರ್‌ಗಳೆಲ್ಲ ಸೇರಿ ರಾಣಿಯ ರಕ್ತ ಹೀರುತ್ತಾರೆ, ಕೊನೆಯ ಹನಿ ಕುಡಿದ ಮಹಾರೆಟ್ ಕಲ್ಲಾಗುತ್ತಾಳೆ. ಅವಳೇ ಏಕೆ, ಕಲ್ಲಾಗುವುದೇ ಏಕೆ ಎಂದು ಕೇಳಿದರೆ ಹಿಂದಿನ ದೃಶ್ಯಗಳಲ್ಲಿ ಮನವೊಪ್ಪುವ ಉತ್ತರ ಸಿಗುವುದಿಲ್ಲ.

ರಾಣಿಗಾದ ಅನ್ಯಾಯ ಇದಕ್ಕಿಂತ ದೊಡ್ಡದು. ಕಾದಂಬರಿಯ ಆಕಾಶಾಳಿಗೆ ಒಂದು ಭಯಂಕರ ಸಿದ್ಧಾಂತವಿದೆ: ನೂರು ಗಂಡಸರಲ್ಲಿ 99 ಮಂದಿಯನ್ನು ಕೊಂದರೆ ಲೋಕದಲ್ಲಿ ಯುದ್ಧವೇ ಇರುವುದಿಲ್ಲ. ಅದನ್ನು ಖಂಡಿಸಲು ಉಳಿದವರೆಲ್ಲ ಒಂದು ಮೇಜಿನ ಸುತ್ತ ಕೂತು ವಾದಿಸಬೇಕಾಗುತ್ತದೆ. ಅವಳ ಜೊತೆಗಿದ್ದ, ರಾಕ್ ಗಾಯಕನಾದ ವ್ಯಾಂಪೈರ್ ಲೆಸ್ಟಾಟ್‌ನೂ ತೊಳಲಾಡುತ್ತಾನೆ. ಸಿನಿಮಾದಲ್ಲಿ ಅವಳಿಗೆ ಬೇಕಿರುವುದು ಬರೀ ದರ್ಬಾರು. ಅದರ ಮೇಲೆ, ಹೆಸರು ಹೊತ್ತ ರಾಣಿ ಪೂರ್ತಿ ಎಚ್ಚರಗೊಂಡು ಕಥೆಗೆ ಇಳಿಯುವುದೇ ಉತ್ತರಾರ್ಧದಲ್ಲಿ. ಚಿತ್ರ ತೆರೆಕಾಣುವ ಮೊದಲೇ, 2001ರ ಆಗಸ್ಟ್ 25ರಂದು, 22ನೇ ವಯಸ್ಸಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಆಲಿಯಾ ಆ ಪಾತ್ರಕ್ಕೆ ಕೊಟ್ಟ ಹಾವಿನಂಥ ನಡಿಗೆ ಇನ್ನೂ ಕಣ್ಣಿಗೆ ಕಟ್ಟುತ್ತದೆ. ಆಕೆಗೆ ಒಳ್ಳೆಯ ಮಾತುಗಳನ್ನು ಬರೆದುಕೊಡಬೇಕಿತ್ತು.

ಲೆಸ್ಟಾಟ್‌ನನ್ನು ವ್ಯಾಂಪೈರ್ ಮಾಡಿದವನನ್ನೂ ಬದಲಿಸಿದರು. ಮೂಲದಲ್ಲಿ ಮ್ಯಾಗ್ನಸ್ ಎಂಬ ವ್ಯಾಂಪೈರ್ ಅವನನ್ನು ಮಾರ್ಪಡಿಸಿ, ಏನನ್ನೂ ಕಲಿಸದೆ ಬೆಂಕಿಗೆ ಹಾರುತ್ತಾನೆ. ಆ ಅನಾಥತನದಿಂದಲೇ ಲೆಸ್ಟಾಟ್ ಊರೂರಿನ ಗೋಡೆಗಳ ಮೇಲೆ ಬರೆಯುತ್ತ ವರ್ಷಗಟ್ಟಲೆ ಪುರಾತನ ವ್ಯಾಂಪೈರ್ ಮಾರಿಯಸ್‌ನನ್ನು ಹುಡುಕುವುದು. ಮಾರಿಯಸ್‌ನೇ ಸಿನಿಮಾದಲ್ಲಿರುವಂತೆ ಮೊದಲ ಗುರುವಾದರೆ ಹುಡುಕಲು ಏನು ಉಳಿಯಿತು? ಹಾಡುಗಳು ಮಾತ್ರ ಚೆನ್ನಾಗಿವೆ. ಜೊನಾಥನ್ ಡೇವಿಸ್ ಮತ್ತು ರಿಚರ್ಡ್ ಗಿಬ್ಸ್ ಲೆಸ್ಟಾಟ್‌ಗೆ ನಂಬುವಂಥ ದನಿ ಕೊಟ್ಟಿದ್ದಾರೆ.

ಕಾದಂಬರಿಗಳನ್ನು ಬೆಸೆಯುವುದು ತಪ್ಪಲ್ಲ. ‘ನಾಗರಹಾವು’ (1972) ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಆದದ್ದು. ಲೇಖಕರಿಗೆ ಅದು ಹಿಡಿಸಲಿಲ್ಲ, ನಿಜ; ಆದರೂ ರಾಮಾಚಾರಿ ಮತ್ತು ಚಾಮಯ್ಯ ಮೇಷ್ಟ್ರ ನಂಟನ್ನು ಪುಟ್ಟಣ್ಣ ಕೊನೆಯ ದೃಶ್ಯದವರೆಗೂ ಕೈಬಿಡಲಿಲ್ಲ. ಇಲ್ಲಿಯೂ 101 ನಿಮಿಷ ಸಾಕಿತ್ತು. ಲೆಸ್ಟಾಟ್‌ನ ಪೂರ್ವಕಥೆಗೆ ಹತ್ತು ನಿಮಿಷ, ಅವಳಿಗಳ ಕನಸು ಪ್ರತಿ ಬಾರಿ ಸ್ವಲ್ಪ ಹೆಚ್ಚು ತೆರೆದುಕೊಳ್ಳುವಂತೆ ಮೂರು ಸಲ, ನಡುವೆ ಮಹಾರೆಟ್ ಬಾಯಲ್ಲಿ ಹದಿನೈದು ನಿಮಿಷದ ಈಜಿಪ್ಟ್. ಮಹಾರೆಟ್ ವಂಶದ ಹುಡುಗಿ ಜೆಸ್ಸಿ ಮತ್ತು ಲೆಸ್ಟಾಟ್ ಪ್ರೇಮ ಕಾದಂಬರಿಯಲ್ಲೇ ಇಲ್ಲ. ಅದನ್ನು ತೆಗೆದರೆ ಇವಕ್ಕೆ ಬೇಕಾದ ಜಾಗ ಸಿಗುತ್ತಿತ್ತು.

2022ರಲ್ಲಿ ಶುರುವಾದ ಟಿವಿ ಸರಣಿ ‘ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್’ ರೈಸ್ ಅವರ ಮೊದಲ ಕಾದಂಬರಿಯೊಂದಕ್ಕೇ ಎರಡು ಸೀಸನ್, 15 ಕಂತು ತೆಗೆದುಕೊಂಡಿತು. ಅದು ಆಕಾಶಾಳ ಕಥೆಗೂ ಕೈಹಾಕಿದರೆ, ಮೆಕಾರೆಯ ಪಾತ್ರ ಯಾರಿಗೆ ಸಿಕ್ಕಿತು ಎಂಬುದನ್ನು ತಮ್ಮ ಸಿನಿಮಾ ಪುರವಣಿ ಮೊದಲು ವರದಿ ಮಾಡಲಿ ಎಂದು ಕೋರುತ್ತೇನೆ.

ಇತಿ,
ಓದುಗರೊಬ್ಬರು, ಮೈಸೂರು